ಭಾನುವಾರ ಬಿಡಿಸದ ಮಲ್ಲಿಗೆ

ಹೂವಿನ ದೊಡ್ಡಮ್ಮನ ಬಲಗೈ ಹೆಬ್ಬೆರಳಿನ ಉಗುರು ಸದಾ ಕಪ್ಪಗಿರುತ್ತಿತ್ತು. ವರ್ಷಗಟ್ಟಲೆ ಮಲ್ಲಿಗೆ ಮೊಗ್ಗು ಚಿವುಟಿ ಚಿವುಟಿ ಹತ್ತಿದ ಕರೆ ಅದು. ಶನಿವಾರ ಸಂಜೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು, ಹೋಗುತ್ತಿರಲಿಲ್ಲ. ಭಾನುವಾರ ಚರ್ಚಿನಲ್ಲಿ ಪ್ರಭುಭೋಜನದ ರೊಟ್ಟಿಗೆ ಅದೇ ಕೈ ಚಾಚುತ್ತಿದ್ದರು. ನಮ್ಮ ಸಭೆಯಲ್ಲಿ ಅಷ್ಟು ಚೊಕ್ಕಟವಾದ ಕೈ ಇನ್ನೊಂದಿರಲಿಲ್ಲ. ನನ್ನದಂತೂ ಅಲ್ಲವೇ ಅಲ್ಲ.

ಹಡಗಲಿಯ ಹೊರಗಿರುವ ನಮ್ಮ ದೇವಾಲಯದ ಹಿಂದೆ ಸಭೆಗೆ ಸೇರಿದ ಒಂದು ತುಂಡು ಹೊಲವಿದೆ. ಗಂಡ ತೀರಿಕೊಂಡ ಮೇಲೆ ಅದನ್ನು ಗುತ್ತಿಗೆಗೆ ಹಿಡಿದು, ಮಲ್ಲಿಗೆ ಬೆಳೆದು, ಮಗಳೊಬ್ಬಳನ್ನು ಸಾಕಿದವರು ಅವರು. ನಮಗೆ ಬಂಧುವಲ್ಲ, ಸಭೆಯ ಮಕ್ಕಳಿಗೆಲ್ಲ ದೊಡ್ಡಮ್ಮ. ಮಲ್ಲಿಗೆ ಯಾರಿಗೂ ಕಾಯುವುದಿಲ್ಲ. ನಸುಕಿನಲ್ಲಿ ಮೊಗ್ಗು ಬಿಡಿಸದಿದ್ದರೆ ಸಂಜೆಗೆ ಗಿಡದಲ್ಲೇ ಅರಳುತ್ತದೆ, ಅರಳಿದ್ದನ್ನು ಕೊಳ್ಳುವವರಿಲ್ಲ. ಇದೆಲ್ಲ ಗೊತ್ತಿದ್ದೂ ದೊಡ್ಡಮ್ಮ ಭಾನುವಾರ ಒಂದು ಮೊಗ್ಗನ್ನೂ ಮುಟ್ಟುತ್ತಿರಲಿಲ್ಲ. ಅವತ್ತು ಸಂಜೆ ಹೊಲವೆಲ್ಲ ಬೆಳ್ಳಗಾಗಿ, ವಾಸನೆ ರಸ್ತೆಯವರೆಗೂ ಬರುತ್ತಿತ್ತು. ಸೋಮವಾರ ಆ ಬಾಡಿದ ಹೂವನ್ನೂ ಕಿತ್ತು ಹಾಕುವ ಎರಡು ಪಟ್ಟು ಕೆಲಸ.

"ಆರು ದಿನ ನನ್ನ ಹೊಟ್ಟಿಗೆ, ಒಂದಿನ ಆತನ ಕಣ್ಣಿಗೆ" ಎನ್ನುವುದು ಅವರ ಮಾತು.

ಇನ್ನು ನಮ್ಮ ಕಮಿಟಿಯವರ ಭಕ್ತಿ. ದೇವರೇ ಮೊದಲು ಎಂಬ ಅರ್ಥದ ವಾಕ್ಯವನ್ನು ಗೋಡೆಯ ಮೇಲೆ ದೊಡ್ಡ ನೀಲಿ ಅಕ್ಷರದಲ್ಲಿ ಬರೆಸಿದವರು ನಾವೇ. ಅದರ ಕೆಳಗೆ ಕೂತು ಪ್ರಸಂಗದ ಹೊತ್ತಿನಲ್ಲಿ ಫೋನು ತೀಡುತ್ತಿದ್ದವರೂ ನಾವೇ. ನನ್ನ ಅಪ್ಪ ಸಭೆಯ ಕಾರ್ಯದರ್ಶಿ. ಒಂದು ಫ್ಯಾನು ಕೊಡಿಸಿ ಅದರ ರೆಕ್ಕೆಗೆ ತನ್ನ ಹೆಸರು ಬರೆಸಿದ್ದ. ತಿರುಗುವಾಗ ಹೆಸರು ಕಾಣುವುದಿಲ್ಲವೆಂದು ಕೆಳಗಿನ ಗೋಡೆಯ ಮೇಲೆ ಇನ್ನೊಮ್ಮೆ ಬರೆಸಿದ. ಚಿಕ್ಕವನಿದ್ದಾಗ ನನಗದು ಹೆಮ್ಮೆ. ಈಗ ಅದರ ಗಾಳಿ ಮೈಗೆ ತಾಗಿದರೂ ಹೇಸಿಗೆಯಾಗುತ್ತದೆ.

ನನ್ನ ಮದುವೆ ಒಂದು ಸೋಮವಾರ ಗೊತ್ತಾಯಿತು. ಭಾನುವಾರವೇ ಹೂ ಬಿಡಿಸಿ ದೇವಾಲಯ ಸಿಂಗರಿಸಬೇಕೆಂದು ಅಪ್ಪ ದೊಡ್ಡಮ್ಮನ ಮನೆಗೆ ಹೋದ. ನಾನೂ ಜೊತೆಗಿದ್ದೆ.

"ಆರಾಧನಿ ಇರೋದು ಒಂಬತ್ತಕ್ಕ. ಹೂ ಬಿಡಿಸೋದು ಏಳಕ್ಕ ಮುಗೀತೈತಿ. ಎರಡೂ ಆಗ್ತಾವಲ್ಲವ್ವಾ?" ಎಂದ ಅಪ್ಪ.

"ಆಗ್ತಾವ್ರಿ ಅಣ್ಣಾರ. ಒಮ್ಮಿ ಮಾಡಿ ನೋಡೀನಿ. ಅವತ್ತ ಪ್ರಾರ್ಥನಿಗೆ ಕಣ್ಣು ಮುಚ್ಚಿದ್ರ ಸಂತಿಯಾಗಿನ ಹೂವಿನ ರೇಟೇ ಕಾಣಾಕತ್ತಿತ್ರಿ. ಅಲ್ಲಿಗೆ ಬಿಟ್ಟೆ. ಸೋಮವಾರ ನಸುಕಿನ್ಯಾಗ ಎದ್ದು ಬಿಡಿಸಿ, ಮದುವಿ ಹೊತ್ತಿಗೆ ಕಟ್ಟಿ ತರ್ತೀನಿ. ತಮ್ಮನ ಮದುವಿಗೆ ಕಡಿಮಿ ಮಾಡ್ತೀನೇನ್ರಿ?"

ಹೇಳಿದಂತೆಯೇ ತಂದರು. ತಾಯಿ ಮಗಳು ಇಬ್ಬರೂ ಕೂತು ಕಟ್ಟಿದ ಮಾಲೆ, ಒಂದು ಎಸಳೂ ನಲುಗಿರಲಿಲ್ಲ. ನನ್ನ ಹೆಂಡತಿಯ ಮುಡಿಗೆ ತಾವೇ ಮುಡಿಸಿ, ನೆಟಿಕೆ ಮುರಿದು ಹೋದರು. ಆದರೆ ಅಪ್ಪನ ಹೊಟ್ಟೆಯುರಿ ಆರಲಿಲ್ಲ. ಕಾರ್ಯದರ್ಶಿಯ ಮಾತನ್ನು ಒಬ್ಬ ಹೂವಿನವಳು ಮೀರಿದಳಲ್ಲ!

ಎರಡೇ ವಾರಕ್ಕೆ ಕಮಿಟಿ ಸೇರಿತು. ಹೂವಿನ ದಲ್ಲಾಳಿಯೊಬ್ಬ ವಾರದ ಏಳೂ ದಿನ ಬಿಡಿಸುತ್ತೇನೆ, ದೇವಾಲಯದ ಮುಂದೆ ಟೈಲ್ಸಿನ ಮಂಟಪವನ್ನೂ ಕಟ್ಟಿಸಿಕೊಡುತ್ತೇನೆ ಎಂದಿದ್ದನಂತೆ. "ಸಭೆಯ ಬೆಳೆ ವಾರಕ್ಕೊಂದು ದಿನ ಹಾಳಾಗುತ್ತಿದೆ, ಗುತ್ತಿಗೆಯನ್ನು ದಲ್ಲಾಳಿಗೆ ಕೊಡತಕ್ಕದ್ದು" ಎಂದು ಅಪ್ಪ ನಿರ್ಣಯ ಓದಿದ. ಭಾನುವಾರವನ್ನು ದೇವರಿಗೆ ಬಿಟ್ಟ ತಪ್ಪಿಗೆ ಹೆಣ್ಣುಮಗಳೊಬ್ಬಳ ಅನ್ನ ಕಿತ್ತುಕೊಂಡದ್ದು ಗುಡಿಯೂ ಅಲ್ಲ, ಸರ್ಕಾರವೂ ಅಲ್ಲ, ಕ್ರೈಸ್ತ ಸಭೆ. ಥೂ! ಅದನ್ನೂ ಪ್ರಾರ್ಥನೆ ಮಾಡಿಯೇ ಶುರು ಮಾಡಿದೆವು. ಪಾದ್ರಿ ಅಯ್ಯನವರು ತಲೆ ತಗ್ಗಿಸಿ, "ಒಪ್ಪಿದೋರು ಕೈ ಎತ್ರಿ" ಎಂದರು. ನಾನು ಆ ವರ್ಷವಷ್ಟೇ ಸದಸ್ಯನಾಗಿದ್ದೆ. ಅಪ್ಪ ನನ್ನ ಕಡೆ ನೋಡಿದ. ಎತ್ತಿದೆ.

ದೊಡ್ಡಮ್ಮ ಬಾಗಿಲ ಬಳಿ ನೆಲದ ಮೇಲೆ ಕೂತಿದ್ದರು. ಜಗಳವಾಡಲಿಲ್ಲ, ಅಳಲಿಲ್ಲ. ಎದ್ದು ಸೆರಗು ಕೊಡವಿ ನನ್ನ ಹತ್ತಿರ ಬಂದು, "ಮದುವಿ ಹೂ ಸಂಜೀತನಕ ಬಾಡಲಿಲ್ಲಲ್ಲ ತಮ್ಮಾ?" ಎಂದರು.

"ಇಲ್ಲ ದೊಡ್ಡಮ್ಮಾ" ಎಂದೆ. ಅವರು ಬೈದಿದ್ದರೆ ನಾನೂ ಏನಾದರೂ ಬೈದು ಹಗುರಾಗಬಹುದಿತ್ತು.

ಭಾನುವಾರ ಬರದ ಆಳನ್ನು ಬೇರೆ ಹೂದೋಟದವರು ಇಟ್ಟುಕೊಳ್ಳಲಿಲ್ಲ. ದೊಡ್ಡಮ್ಮ ಶೇಂಗಾ ಸುಲಿಯುವ ಕೂಲಿಗೆ ಹೋದರು. ಆದರೆ ಒಂದು ಭಾನುವಾರವೂ ಆರಾಧನೆ ತಪ್ಪಿಸಲಿಲ್ಲ. ಅದೇ ಚಾಪೆ, ಅದೇ ಮೂಲೆ. ದಲ್ಲಾಳಿಯ ಆಳುಗಳು ಬಿಡಿಸಿ ತೂಗಿದ ಹೂವಿನ ಬುಟ್ಟಿ ಹೊತ್ತು ಕಿಟಕಿಯ ಪಕ್ಕದಲ್ಲೇ ಹಾದುಹೋಗುತ್ತಿದ್ದರು. ದೊಡ್ಡಮ್ಮ ಆ ಕಡೆ ತಿರುಗುತ್ತಿರಲಿಲ್ಲ. ತಿರುಗಿ ತಿರುಗಿ ನೋಡುತ್ತಿದ್ದವನು ನಾನು. ಅಪ್ಪ ಹೋದ ಮೇಲೆ ಕಾರ್ಯದರ್ಶಿಯೂ ನಾನೇ ಆದೆ. ಗುತ್ತಿಗೆಯ ಮಾತು ಒಮ್ಮೆಯೂ ಎತ್ತಲಿಲ್ಲ. ನನ್ನ ಮುಖಕ್ಕೆ ನಾನೇ ಉಗಿಯಬೇಕು.

ಹೋದ ವರ್ಷ ಒಂದು ಶನಿವಾರ ದೊಡ್ಡಮ್ಮ ತೀರಿಕೊಂಡರು. ಮರುದಿನ ಮಧ್ಯಾಹ್ನ ಮಣ್ಣು. ಸಭೆಯ ಪರವಾಗಿ ಮಾಲೆ ಹಾಕಬೇಕಲ್ಲ, ದೇವಾಲಯದ ಹಿಂದಿನ ಹೊಲದಿಂದಲೇ ದಪ್ಪನೆಯ ಮಲ್ಲಿಗೆ ಮಾಲೆ ತರಿಸಿ ಒಯ್ದೆ. ಪೆಟ್ಟಿಗೆಯಲ್ಲಿ ಕೈ ಮೇಲೆ ಕೈ ಇಟ್ಟು ಮಲಗಿಸಿದ್ದರು. ಹೆಬ್ಬೆರಳಿನ ಉಗುರಿನ ಕಪ್ಪು ಪೂರ್ತಿ ಹೋಗಿತ್ತು. ಹುಣಸೆಹಣ್ಣಿಗೂ ಹೋಗದ ಕರೆಯನ್ನು ಹೊಲ ಕಿತ್ತುಕೊಂಡು ನಾವು ತೊಳೆದಿದ್ದೆವು.

ಮಗಳು ಮಾಲೆಯನ್ನೇ ನೋಡಿದಳು. "ಇವತ್ತ ಬಿಡಿಸಿದ್ದೇನ್ರಿ?"

"ಹೌದವ್ವಾ."

"ಬ್ಯಾಡ್ರಿ ಅಣ್ಣಾರ. ನಮ್ಮವ್ವ ಭಾನುವಾರದ ಹೂ ಮುಟ್ಟಿದಾಕಿ ಅಲ್ಲ."

ಅಷ್ಟು ಜನರ ನಡುವೆ ಆ ಮಾಲೆಯನ್ನು ಕೈಯಲ್ಲಿ ಹಿಡಿದೇ ಗುಂಡಿಯವರೆಗೆ ನಡೆದೆ, ಹಿಡಿದೇ ವಾಪಸು ಬಂದೆ.

ಮುಂದಿನ ಕಮಿಟಿಯಲ್ಲಿ, ಭಾನುವಾರ ಸಭೆಯ ಹೊಲದಲ್ಲಿ ಹೂ ಬಿಡಿಸಬಾರದು ಎಂದು ಬರೆದುಕೊಂಡು ಹೋಗಿ ಓದಿದೆ. ಒಬ್ಬರು ಕೆಮ್ಮಿದರು, ಒಬ್ಬರು ಫೋನು ನೋಡಿದರು. ಅಯ್ಯನವರು ಎಂದಿನಂತೆ ತಲೆ ತಗ್ಗಿಸಿ, "ಒಪ್ಪಿದೋರು ಕೈ ಎತ್ರಿ" ಎಂದರು. ಅಪ್ಪನ ಫ್ಯಾನಿನ ಕೆಳಗೆ ನಾನು ಕೈ ಎತ್ತಿದೆ. ಸುತ್ತ ನೋಡಿದೆ, ಇನ್ನೊಂದು ಕೈ ಇರಲಿಲ್ಲ. ಬಾಗಿಲ ಬಳಿಯ ನೆಲವೂ ಖಾಲಿ ಇತ್ತು.