ಏಳು ದಾರಿಯ ವಾಗ್ದಾನ

ಬಲ್ಮಠದ ಗುಡ್ಡದ ಕೆಳಗೆ ನಮ್ಮ ಮನೆಗೂ ಪಕ್ಕದ ಮನೆಗೂ ಒಂದೇ ಬಾವಿ. ನನ್ನ ಅಪ್ಪನೂ ಪಕ್ಕದ ಮನೆಯವನೂ ಸೇರಿ ತೋಡಿಸಿದ್ದು. ಐವತ್ತರ ದಶಕದ ಕೊನೆಯಲ್ಲಿ ಅಪ್ಪ ತೀರಿಕೊಂಡದ್ದೇ ತಡ, ಆ ಮನುಷ್ಯ ನಡುವೆ ಕೆಂಪುಕಲ್ಲಿನ ಗೋಡೆ ಎಬ್ಬಿಸಿ ಬಾವಿಯನ್ನು ತನ್ನ ಕಡೆಗೆ ಹಾಕಿಕೊಂಡ. ಅವನು ನಮ್ಮ ಚರ್ಚಿನ ಸಭೆಯ ಹಿರಿಯ ಬೇರೆ! ಭಾನುವಾರ ಕಾಣಿಕೆ ತಟ್ಟೆ ಹಿಡಿದು ಬರುವಾಗ ಎಂಥ ಸಾಧು ಮುಖ. ಹಂಚಿನ ಕಾರ್ಖಾನೆಯಲ್ಲಿ ದುಡಿದು ಬಂದ ಅಮ್ಮ ಕೊಡ ಹೊತ್ತು ರಸ್ತೆಬದಿಯ ನಲ್ಲಿಗೆ ಹೋಗಿ ಸಾಲಿನಲ್ಲಿ ನಿಲ್ಲಬೇಕಾಯಿತು. ಅದನ್ನು ನೋಡಿದಾಗೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮಲ್ಲಿ ಹೊಸವರ್ಷದ ಬೆಳಿಗ್ಗೆ ಆರಾಧನೆ ಮುಗಿದ ಮೇಲೆ ಎಲ್ಲರೂ ಬುಟ್ಟಿಯಿಂದ ಒಂದೊಂದು ಚೀಟಿ ಎತ್ತುತ್ತಾರೆ. ಅದರಲ್ಲಿರುವ ವೇದವಾಕ್ಯವೇ ಆ ವರ್ಷಕ್ಕೆ ದೇವರು ನಮಗೆ ಕೊಟ್ಟ ಮಾತು. ನನಗೆ ಬಂದದ್ದು ಹಳೆಯ ಒಡಂಬಡಿಕೆಯ ಜಯದ ವಾಗ್ದಾನ: ಒಂದೇ ದಾರಿಯಲ್ಲಿ ಮೇಲೆ ಬಿದ್ದ ಶತ್ರು ಸೋತು ಏಳು ದಾರಿ ಹಿಡಿದು ಓಡುತ್ತಾನೆಂದು. ಶತ್ರು ಯಾರೆಂದು ನಾನು ಯೋಚಿಸಬೇಕಾಗಿರಲಿಲ್ಲ.

“ಅದು ಮನುಷ್ಯರ ಮೇಲೆ ಅಲ್ಲ ಮಗಾ, ಸೈತಾನನ ಮೇಲೆ,” ಎಂದಳು ಅಮ್ಮ.

“ಗೋಡೆ ಕಟ್ಟಿದ್ದು ಸೈತಾನನಾ?” ಎಂದೆ.

ಅವನು ಓಡಬೇಕಾದ ದಾರಿಗಳನ್ನು ನಾನೇ ಗೊತ್ತುಮಾಡಿದೆ. ಪಡೀಲಿನ ಕಡೆ ಒಂದು, ಹಿಂದಿನಿಂದ ಊರನಾಯಿಗಳೆಲ್ಲ ಬೆನ್ನಟ್ಟಬೇಕು. ಸುರತ್ಕಲ್ ಕಡೆ ಒಂದು, ಸುಡುವ ಮರಳಿನಲ್ಲಿ ಬರಿಗಾಲಲ್ಲಿ. ನೇತ್ರಾವತಿಯ ದಡಕ್ಕೆ ಒಂದು, ಅವನು ತಲುಪುವಷ್ಟರಲ್ಲಿ ದೋಣಿ ಹೊರಟುಹೋಗಿರಬೇಕು. ಒಬ್ಬನೇ ಮನುಷ್ಯ ಏಳು ದಾರಿಯಲ್ಲಿ ಹೇಗೆ ಓಡುತ್ತಾನೆ ಎಂಬುದು ದೇವರ ತಲೆನೋವು, ನನ್ನದಲ್ಲ.

ಆ ತಿಂಗಳ ಮನೆಪ್ರಾರ್ಥನೆ ನಮ್ಮಲ್ಲಿತ್ತು. ವರ್ಷದ ಮೊದಲ ಕೂಟದಲ್ಲಿ ಪ್ರತಿಯೊಬ್ಬರೂ ತಮ್ಮ ವಾಗ್ದಾನ ಹೇಳುವುದು ವಾಡಿಕೆ. ಸಭೆಯ ಹಿರಿಯನಾದ್ದರಿಂದ ಅವನೂ ಬಂದು ಅಪ್ಪನ ಕುರ್ಚಿಯಲ್ಲೇ ಕೂತ. ಸರದಿ ಬಂದಾಗ ಎದ್ದು ನಿಂತು, ಕಣ್ಣು ಮುಚ್ಚಿ ಅವನು ಹೇಳಿದ್ದು ನನ್ನ ವಾಕ್ಯವನ್ನೇ! ಬುಟ್ಟಿಯಲ್ಲಿ ಅದರ ಎರಡು ಚೀಟಿ ಇದ್ದಿರಬೇಕು.

“ನನ್ನ ಸುತ್ತ ಹೊಟ್ಟೆಕಿಚ್ಚಿನವರು ಇದ್ದಾರೆ. ಕರ್ತನು ಅವರನ್ನು ಓಡಿಸ್ತಾನೆ,” ಎಂದ.

ಅಂದರೆ ಅವನ ಲೆಕ್ಕದಲ್ಲಿ ಓಡಬೇಕಾದವರು ನಾವು. ನನ್ನ ಸರದಿಯಲ್ಲಿ ಅವನ ಮುಖವನ್ನೇ ನೋಡುತ್ತ ಅದೇ ವಾಕ್ಯವನ್ನು ಗಟ್ಟಿಯಾಗಿ ಹೇಳಿದೆ. ಅವನು ಕಣ್ಣು ತೆರೆದ.

ಪ್ರಾರ್ಥನೆ ಮುಗಿದು ಎಲ್ಲರೂ ಕಾಫಿಗೆ ಕಾಯುತ್ತಿದ್ದರು. ಅಮ್ಮ ಖಾಲಿ ಕೊಡ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದಳು.

“ಕಾಫಿಗೆ ನೀರಿಲ್ಲ ಅಯ್ಯನವರೇ,” ಎಂದಳು, ಊರಿಗೆ ಹೊಸಬರಾದ ಸಭಾಪಾಲಕರಿಗೆ. “ನಮ್ಮ ಬಾವಿ ಉಂಟು. ಗೋಡೆಯ ಆಚೆ ಉಂಟು.”

“ಎಂತ ಗೋಡೆ? ಯಾರು ಕಟ್ಟಿದ್ದು?”

ಕೋಣೆಯಲ್ಲಿದ್ದವರೆಲ್ಲ ಅಪ್ಪನ ಕುರ್ಚಿಯ ಕಡೆ ತಿರುಗಿದರು.

“ಕೊಡಮ್ಮ, ನಾನೇ ತರ್ತೇನೆ,” ಎಂದು ಅವನು ಎದ್ದ. ರಸ್ತೆಗೆ ಇಳಿದು, ಸುತ್ತು ಹಾಕಿ, ನಮ್ಮ ಕೊಡವನ್ನು ಹೆಗಲ ಮೇಲೆ ಹೊತ್ತು ತಂದ. ಇಸ್ತ್ರಿ ಹಾಕಿದ ಬಿಳಿ ಅಂಗಿ ಬೆನ್ನಿನವರೆಗೂ ಒದ್ದೆ. ಆ ಕಾಫಿಯ ರುಚಿಯನ್ನು ನಾನು ಇಂದಿಗೂ ಮರೆತಿಲ್ಲ.

ಅದೇ ವಾರ ಗೋಡೆ ಒಡೆದು ನಮಗೆ ದಾರಿ ಬಿಟ್ಟ. ದೇವರು ಜಯ ಕೊಟ್ಟ ಎಂದು ಅಮ್ಮ ಕೈಮುಗಿದಳು. ನನಗೆ ಸಾಲಲಿಲ್ಲ. ಅವನು ಸತ್ತು ಎಷ್ಟೋ ವರ್ಷಗಳಾದವು, ಈಗಲೂ ಸಾಲದು. ಅಂದು ಕೊಡ ಹಿಡಿದು ಅವನು ಹೋದದ್ದು ಒಂದೇ ದಾರಿ, ಅದೂ ನಡೆದುಕೊಂಡು. ದೇವರು ನನಗೆ ಇನ್ನೂ ಆರು ಕೊಡಬೇಕು.