ಶಾಲು ಬೇಡ, ಬ್ಯಾಟು ಕೊಡ್ರಿ

ಆಂಟಿಯ ಇಳಕಲ್ ಸೀರೆಯಲ್ಲಿ ಸದಾ ನಾಲ್ಕು ಬಟ್ಟೆ ಕ್ಲಿಪ್ಪುಗಳಿರುತ್ತಿದ್ದವು. ಎರಡು ಕೆಂಪು, ಎರಡು ಹಳದಿ, ಡಾಲರ್ ಅಂಗಡಿಯ ಪ್ಲಾಸ್ಟಿಕ್ಕಿನವು. ನಿರಿಗೆ ಗಾಲಿಕುರ್ಚಿಯ ಕಡ್ಡಿಗಳಿಗೆ ಸಿಕ್ಕಿಕೊಳ್ಳಬಾರದೆಂದು ಅದನ್ನು ಮೊಣಕಾಲಿನ ಹತ್ತಿರ ಮಡಿಸಿ ಕ್ಲಿಪ್ಪು ಹಾಕುತ್ತಿದ್ದರು. ಕೆಳಗೆ ಬಿಳಿ ಸ್ನೀಕರ್ಸ್. ಮೇಲೆ ರವಿಕೆಯ ಹೊಲಿಗೆ ಬಿಟ್ಟುಹೋಗುವಂಥ ತೋಳುಗಳು. ಎಪ್ಪತ್ತು ಸಮೀಪಿಸಿದ ಹೆಂಗಸಿಗೆ ಅಂಥ ಭುಜಗಳನ್ನು ನಾನು ಅದುವರೆಗೆ ನೋಡಿರಲಿಲ್ಲ. ಬಲಗೈಯ ಎರಡು ಬೆರಳುಗಳ ತುದಿಯಲ್ಲಿ ಚರ್ಮ ಕಲ್ಲಿನಂತೆ ಗಟ್ಟಿಯಾಗಿತ್ತು. ಬಿಲ್ಲಿನ ಹೆದೆ ಎಳೆದೂ ಎಳೆದೂ ಆದದ್ದು ಎಂದು ನನಗೆ ಗೊತ್ತಾದದ್ದು ಆಮೇಲೆ.

ಎರಡು ಸಾವಿರನೇ ಇಸವಿ ಹುಟ್ಟಿದ ಕೂಡಲೇ ಕಂಪ್ಯೂಟರುಗಳೆಲ್ಲ ದಿಕ್ಕೆಟ್ಟುಹೋಗುತ್ತವೆಂದು ಜಗತ್ತು ಹೆದರಿ ಕೂತಿದ್ದ ಕಾಲ ಅದು. ಆ ಹೆದರಿಕೆಯ ಪುಣ್ಯದಿಂದ ತುಮಕೂರಿನ ಹುಡುಗಿಯಾದ ನನಗೂ ವೀಸಾ ಸಿಕ್ಕಿ, ಅಮೆರಿಕದ ಪಿಸ್ಕಾಟವೇಯ ಒಂದು ಟೆಲಿಕಾಂ ಕಂಪನಿಯಲ್ಲಿ ಪ್ರೋಗ್ರಾಂಗಳನ್ನು ಪರೀಕ್ಷಿಸುವ ಕೆಲಸ ಮಾಡುತ್ತಿದ್ದೆ. ಜನವರಿಯ ಒಂದು ಬೆಳಿಗ್ಗೆ ರಸ್ತೆಯ ಮೇಲೆ ಕಣ್ಣಿಗೆ ಕಾಣದ ಹಾಗೆ ಹೆಪ್ಪುಗಟ್ಟಿದ್ದ ಮಂಜಿನ ಮೇಲೆ ಕಾರು ಜಾರಿತು. ಬೆನ್ನುಹುರಿ ಮುರಿಯಿತು. ಸೊಂಟದಿಂದ ಕೆಳಗೆ ನನ್ನದೆಂಬುದು ಏನೂ ನನಗೆ ತಿಳಿಯದಂತಾಯಿತು. ಆಗ ನನಗೆ ಇಪ್ಪತ್ತಾರು.

ಪುನಶ್ಚೇತನ ಆಸ್ಪತ್ರೆಯಲ್ಲಿ ನಾನು ಯಾರೊಡನೆಯೂ ಮಾತಾಡುತ್ತಿರಲಿಲ್ಲ. ನಿನ್ನ ಭಾಷೆಯವರೊಬ್ಬರನ್ನು ಕರೆಸುತ್ತೇವೆ ಎಂದು ಅಲ್ಲಿಯವರು ಹೇಳಿದಾಗ, ಕುಂಕುಮ ಪ್ರಸಾದ ಹಿಡಿದು ಯಾರೋ ಸಮಾಧಾನ ಹೇಳಲು ಬರುತ್ತಾರೆಂದುಕೊಂಡೆ. ಬಂದವರು ಆಂಟಿ. ಕುರ್ಚಿಯನ್ನು ನನ್ನ ಮಂಚಕ್ಕೆ ತಾಗುವಂತೆ ನಿಲ್ಲಿಸಿ, ನಮಸ್ಕಾರವೂ ಇಲ್ಲದೆ ಕೇಳಿದರು.

"ಎಷ್ಟು ದಿವಸ ಆತು?"

"ಏಳು ವಾರ."

"ಅಳೂದು ಮುಗೀತೋ, ಇನ್ನೂ ಅದನೋ?"

ನಾನು ಗೋಡೆಯ ಕಡೆಗೆ ಮುಖ ತಿರುಗಿಸಿದೆ.

"ಅದ ಅಂತ ಕಾಣಸ್ತದ. ಗುರುವಾರ ಬರ್ತೀನಿ. ಅಷ್ಟರಾಗ ಎಷ್ಟು ಬೇಕೋ ಅಷ್ಟು ಅತ್ತು ಬಿಡು. ಗುರುವಾರದಿಂದ ಕೆಲಸ ಅದ."

ಅವರ ಕುರ್ಚಿ ಬಾಗಿಲು ದಾಟಿ ಹೋಗುವಾಗ ನನಗೆ ಮೈಯೆಲ್ಲ ಉರಿದುಹೋಯಿತು. ಏಳು ವಾರಗಳಲ್ಲಿ ಮೊದಲ ಸಲ ಅಳು ಬಿಟ್ಟು ಬೇರೇನೋ ಬಂದಿತ್ತು. ಅದು ಸಿಟ್ಟು. ಆಂಟಿಗೆ ಬೇಕಾಗಿದ್ದದ್ದೂ ಅದೇ.

ಅವರು ಧಾರವಾಡದವರು. ಗಂಡ ಡಾಕ್ಟರು, ಹೆಚ್ಚಿನ ಓದಿಗೆಂದು ಇಂಗ್ಲೆಂಡಿಗೆ ಹೋದಾಗ ಇವರೂ ಹೋದರು. ಮಳೆಯ ದಿನ ಮೋಟಾರ್ ಸೈಕಲ್ಲಿನಲ್ಲಿ ಹಿಂದೆ ಕೂತಿದ್ದಾಗ ಬಿದ್ದು ಬೆನ್ನು ಮುರಿದುಕೊಂಡರು. ಆಗ ಅವರು ನನಗಿಂತಲೂ ಚಿಕ್ಕವರು. ಬೆನ್ನುಹುರಿ ಮುರಿದವರು ಹೆಚ್ಚು ದಿನ ಬದುಕುವುದಿಲ್ಲವೆಂದು ಡಾಕ್ಟರುಗಳೇ ನಂಬಿ, ಹಾಸಿಗೆಯಲ್ಲಿ ಮಲಗಿಸಿ, ಹುಣ್ಣಾಗಿ ಸಾಯಲು ಬಿಡುತ್ತಿದ್ದ ದಿನಗಳು ಆಗಷ್ಟೇ ಕಳೆದಿದ್ದವು. ಆದರೆ ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗಾಗಿ ಮಾಡಿದ್ದ ಒಂದು ಆಸ್ಪತ್ರೆಯಲ್ಲಿ ಬೇರೆಯದೇ ಪದ್ಧತಿ ಶುರುವಾಗಿತ್ತು. ಅಲ್ಲಿ ರೋಗಿಗಳ ಕೈಗೆ ಬಿಲ್ಲು ಬಾಣ ಕೊಡುತ್ತಿದ್ದರು. ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ ಪ್ರತಿ ಬೇಸಿಗೆಯಲ್ಲೂ ಪಂದ್ಯ. ಆಂಟಿ ಆ ವಾರ್ಡಿಗೆ ಹೋಗಿ ಬಿದ್ದರು.

"ಒಂದು ವರ್ಷ ಹಾಲೆಂಡಿನಿಂದ ಒಂದು ಕೈಯಾಗ ಎಣಿಸೂವಷ್ಟು ಮಂದಿ ಬಂದ್ರು ನೋಡು," ಎನ್ನುತ್ತಿದ್ದರು. "ಅಷ್ಟಕ್ಕಽ ನಮ್ಮ ಆಟ ಇಂಟರ್‌ನ್ಯಾಷನಲ್ ಆಗಿಬಿಡ್ತು! ಮರುವರ್ಷ ಇನ್ನೊಂದು ದೇಶ, ಅದರ ಮರುವರ್ಷ ಮತ್ತೊಂದು. ನಮ್ಮ ಕುರ್ಚಿ ಏನು ಈಗಿನಂಗ ಹಗೂರ ಇದ್ದೂ ಅಂತ ತಿಳಿದೀ ಏನು? ಮನಿ ಸೋಫಾಕ್ಕ ಗಾಲಿ ಹಚ್ಚಿದಂಗ ಇದ್ದೂ."

ಊರಿನ ಬಿಲ್ಲುಗಾರರ ಕ್ಲಬ್ಬಿನವರೊಡನೆಯೂ ಇವರು ಪಂದ್ಯ ಆಡುತ್ತಿದ್ದರಂತೆ. ಅವರು ನಿಂತು ಹೊಡೆಯುವವರು, ಇವರು ಕೂತು ಹೊಡೆಯುವವರು. ಎಷ್ಟೋ ಸಲ ಕೂತವರೇ ಗೆದ್ದರು. ಇದನ್ನು ಹೇಳುವಾಗ ಆಂಟಿಯ ಮುಖದಲ್ಲಿ ವಿನಯದ ಸುಳಿವೂ ಇರುತ್ತಿರಲಿಲ್ಲ.

ಕೊನೆಗೆ ಆ ಆಟ ಆಸ್ಪತ್ರೆಯ ಅಂಗಳ ಬಿಟ್ಟು ರೋಮ್‌ಗೆ ಹೋಯಿತು. ಒಲಿಂಪಿಕ್ಸ್ ಮುಗಿದ ಊರಿನಲ್ಲೇ ಇವರ ಪಂದ್ಯಗಳು. ಬ್ರಿಟಿಷರ ತಂಡದಲ್ಲಿ ಆಂಟಿ. "ಎದಿ ಮ್ಯಾಲೆ ಅವರ ಬಾವುಟಾ, ತೋಳು ಮಾತ್ರ ಧಾರವಾಡದ್ದು" ಎನ್ನುತ್ತಿದ್ದರು. ಇಳಿದುಕೊಳ್ಳಲು ಕೊಟ್ಟಿದ್ದ ಮನೆಗಳಿಗೆ ಮೆಟ್ಟಿಲು. ಸೈನಿಕರು ಇವರನ್ನೆಲ್ಲ ಕುರ್ಚಿ ಸಮೇತ ಹೊತ್ತು ಮೇಲಕ್ಕೆ ಒಯ್ಯುತ್ತಿದ್ದರು. ಒಳ್ಳೆಯ ಹುಡುಗರು, ನಗುನಗುತ್ತಲೇ ಹೊತ್ತರು. ಅದರ ಫೋಟೋವನ್ನು ಯಾರೋ ತೆಗೆದು ಪತ್ರಿಕೆಗೆ ಕೊಟ್ಟರು.

"ನಾ ಬಾಣ ಬಿಟ್ಟದ್ದು ಒಬ್ಬನೂ ಫೋಟೋ ತೆಗೀಲಿಲ್ಲ ನೋಡವಾ," ಎಂದರು ಆಂಟಿ. "ನನ್ನ ಮೂಟಿ ಹಂಗ ಹೊತ್ಕೊಂಡು ಹೋದದ್ದು ಪೇಪರಿನ್ಯಾಗ ಬಂತು. ಆವತ್ತ ಆಣಿ ಮಾಡಿದೆ. ನಾ ಕೇಳಲಾರದ ನನ್ನ ಯಾರೂ ಎತ್ತಬಾರದು."

ನನ್ನನ್ನು ಎತ್ತುವವನು ನನ್ನ ಅಣ್ಣ. ತುಮಕೂರಿನ ತನ್ನ ಔಷಧದ ಅಂಗಡಿಯನ್ನು ಅತ್ತಿಗೆಗೆ ಒಪ್ಪಿಸಿ ಮಾರ್ಚಿನಲ್ಲಿ ಬಂದಿದ್ದ. ನಾನು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಕಾರಿನಿಂದ ಕುರ್ಚಿಗೆ, ಕುರ್ಚಿಯಿಂದ ಸೋಫಾಕ್ಕೆ, ಸೋಫಾದಿಂದ ಮಂಚಕ್ಕೆ, ನನ್ನನ್ನು ಕೇಳದೆ ಎತ್ತಿ ಇಡುತ್ತಿದ್ದ. ಅವನಷ್ಟು ಪ್ರೀತಿಸುವವರು ನನಗೆ ಇನ್ನಾರೂ ಇಲ್ಲ. ಅದಕ್ಕೇ ಬೇಡವೆನ್ನಲು ಬಾಯಿ ಬರುತ್ತಿರಲಿಲ್ಲ. ಆಗಸ್ಟ್ ಕೊನೆಗೆ ಇಬ್ಬರಿಗೂ ಟಿಕೆಟ್ ಮಾಡಿಸಿದ್ದ. ಊರಿನಲ್ಲಿ ಕೆಳಗಿನ ಕೋಣೆಗೆ ಸುಣ್ಣ ಬಣ್ಣ ಆಗಿದೆ ಎಂದು ಅಮ್ಮ ಫೋನಿನಲ್ಲಿ ಹೇಳಿದ್ದಳು. ಇತ್ತ ನನ್ನ ಮ್ಯಾನೇಜರು ಸೆಪ್ಟೆಂಬರ್ ಮೊದಲ ವಾರದವರೆಗೆ ಕಾಯುತ್ತೇನೆ ಎಂದಿದ್ದ. ನಾನೇ ಆಫೀಸಿಗೆ ಬಂದು ಹೋಗುವಂತಾದರೆ ಕೆಲಸ ಉಳಿಯುತ್ತದೆ, ಕೆಲಸ ಉಳಿದರೆ ವೀಸಾ ಉಳಿಯುತ್ತದೆ. ಇಲ್ಲದಿದ್ದರೆ ಉಳಿದ ಆಯುಷ್ಯ ಸುಣ್ಣ ಬಣ್ಣ ಆದ ಆ ಕೋಣೆ.

ಆಂಟಿಗೆ ಇದೆಲ್ಲ ಗೊತ್ತಿತ್ತು. ಹೋಗು ಎನ್ನಲಿಲ್ಲ, ಇರು ಎನ್ನಲಿಲ್ಲ. ಪ್ರತಿ ಭಾನುವಾರ ಫೋರ್ಟ್ ಲೀಗೆ ಬಾ ಎಂದರು. ಅಲ್ಲಿ ನದಿಯ ಸೇತುವೆಯ ಪಕ್ಕದ ಎತ್ತರದ ಕಟ್ಟಡವೊಂದರಲ್ಲಿ ಅವರು ಒಬ್ಬರೇ ಇದ್ದರು. ಇಂಗ್ಲೆಂಡಿನಿಂದ ಇಲ್ಲಿಗೆ ಕರೆತಂದಿದ್ದ ಗಂಡ ತೀರಿಕೊಂಡಿದ್ದರು, ಮಗ ಕ್ಯಾಲಿಫೋರ್ನಿಯಾದಲ್ಲಿದ್ದ. ಕಟ್ಟಡದ ಕೆಳಗಿನ ಹಾಲಿನಲ್ಲಿ ಒಂದು ಟೇಬಲ್ ಟೆನಿಸ್ ಮೇಜು. ಮೊದಲು ಪಾರ್ಕಿಂಗಿನ ಇಳಿಜಾರನ್ನು ನಾನೇ ಕುರ್ಚಿ ತಳ್ಳಿ ಮೂರು ಸಲ ಹತ್ತಬೇಕು, ಆಮೇಲೆ ಆಟ. ಹೊಟ್ಟೆಯ ಸ್ನಾಯುಗಳಲ್ಲಿ ಬಲವಿಲ್ಲದವರು ಚೆಂಡಿಗೆ ಕೈ ಚಾಚಿದರೆ ಮುಗ್ಗರಿಸುತ್ತಾರೆ. ನಾನು ಬೀಳುತ್ತೇನೆ ಎಂದು ಕೂಗಿದಾಗೆಲ್ಲ ಅವರದು ಒಂದೇ ಉತ್ತರ.

"ಬೀಳು. ಎಲ್ಲಿ ಬೀಳ್ತೀ? ಟೇಬಲ್ ಮ್ಯಾಲೇ ಹೌದಲ್ಲೇನವಾ?"

ಒಂದು ಭಾನುವಾರ ಧೈರ್ಯ ಮಾಡಿ ಕೇಳಿದೆ. "ಆಂಟಿ, ಕಾಲಿರಬೇಕಿತ್ತು ಅಂತ ನಿಮಗೆ ಅನ್ಸೋದೇ ಇಲ್ವಾ?"

"ಅನಸ್ತದ. ಯಾಕ ಅನಸೂದಿಲ್ಲ? ಮುಂಜಾನೆ ಎದ್ದ ಕೂಡ್ಲೇ ಅನಸ್ತದ. ಆಮ್ಯಾಲೆ ಚಹಾ ಮಾಡಬೇಕಲ್ಲ, ಮರತುಹೋಗ್ತದ."

ಜುಲೈನಲ್ಲಿ ಕನ್ನಡ ಸಂಘದವರ ಕ್ರೀಡಾದಿನ ಬಂತು. ಪಿಸ್ಕಾಟವೇಯ ಒಂದು ಶಾಲೆಯ ಜಿಮ್ಮಿನಲ್ಲಿ. ಟೇಬಲ್ ಟೆನಿಸ್ ಡಬಲ್ಸ್‌ಗೆ ಆಂಟಿ ನಮ್ಮಿಬ್ಬರ ಹೆಸರು ಬರೆದು ಕಳಿಸಿದರು. ಅಧ್ಯಕ್ಷರು ಮೈಸೂರಿನವರು, ಮೃದು ಮಾತಿನ ಡಾಕ್ಟರು. "ಖಂಡಿತ ಆಂಟಿ, ಇಟ್ ವಿಲ್ ಬಿ ಅವರ್ ಆನರ್" ಎಂದರಂತೆ.

ಹೋಗಿ ನೋಡಿದರೆ ಗೋಡೆಗೆ ಅಂಟಿಸಿದ ಪಂದ್ಯಗಳ ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ. ಕಾರ್ಯಕ್ರಮದ ಹಾಳೆಯಲ್ಲಿ ಇತ್ತು, 'ವಿಶೇಷ ಸನ್ಮಾನ' ಎಂಬ ದಪ್ಪ ಅಕ್ಷರಗಳ ಕೆಳಗೆ. ವೇದಿಕೆಯ ಮೇಲೆ ಎರಡು ಶಾಲು, ಎರಡು ಹಣ್ಣಿನ ಬುಟ್ಟಿ, ಗಂಧದ ಹಾರ, ಹಿತ್ತಾಳೆ ತಟ್ಟೆ. ಇದು ನಮ್ಮವರ ಕೈಯಲ್ಲಿ ಮಾತ್ರ ಆಗುವ ತಪ್ಪು. ನಾವು ಕನ್ನಡಿಗರು ಯಾರನ್ನಾದರೂ ಆಟದಿಂದ ಹೊರಗಿಡಬೇಕಾದರೆ ತಳ್ಳುವುದಿಲ್ಲ, ಶಾಲು ಹೊದಿಸುತ್ತೇವೆ. ಅದರಲ್ಲಿ ಕೆಟ್ಟ ಮನಸ್ಸು ಎಳ್ಳಷ್ಟೂ ಇರುವುದಿಲ್ಲ. ಹಾಗಾಗಿಯೇ ಜಗಳವಾಡುವುದೂ ಕಷ್ಟ.

ವೇದಿಕೆಗೆ ಐದು ಮೆಟ್ಟಿಲು. ನಾಲ್ವರು ಸ್ವಯಂಸೇವಕರು ಅಂಗಿಯ ತೋಳು ಮಡಿಸಿಕೊಂಡು ಬಂದರು. ಅವರ ಜೊತೆಗೆ ನನ್ನ ಅಣ್ಣನೂ ಬಗ್ಗಿ ನನ್ನ ಕಂಕುಳಿಗೆ ಕೈ ಹಾಕಿದ. ಎಲ್ಲರೂ ಚಪ್ಪಾಳೆ ತಟ್ಟತೊಡಗಿದರು.

"ಮುಟ್ಟಬೇಡ," ಎಂದೆ.

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅಣ್ಣನ ಕೈ ಅಲ್ಲೇ ನಿಂತಿತು. ಚಪ್ಪಾಳೆ ಒಂದೊಂದಾಗಿ ಸತ್ತುಹೋಯಿತು. ಆಂಟಿ ನನ್ನ ಕಡೆ ನೋಡಲಿಲ್ಲ, ಅಧ್ಯಕ್ಷರ ಕಡೆ ನೋಡಿದರು.

"ಡಾಕ್ಟರ್, ಆ ಶಾಲು ಸ್ವಲ್ಪ ಕೆಳಗ ತರ್ರಿ."

ಅವರು ಪಾಪ, ಓಡಿಬಂದು ಬಗ್ಗಿ ಹೊದಿಸಲು ಹೋದರು. ಆಂಟಿ ಶಾಲನ್ನು ಕೈಯಲ್ಲಿ ತೆಗೆದುಕೊಂಡು, ಬಗ್ಗಿದ್ದ ಅವರ ಹೆಗಲಿಗೇ ಹೊದಿಸಿದರು.

"ಏಸಿ ಭಾಳ ಥಂಡಿ ಅದ, ನೀವಽ ಹೊದ್ಕೋರಿ. ನಾವು ಆಡಲಿಕ್ಕೆ ಬಂದೇವಿ. ಶಾಲು ಬ್ಯಾಡ, ಬ್ಯಾಟು ಕೊಡ್ರಿ."

"ಆಂಟಿ, ಪ್ಲೀಸ್ ಡೋಂಟ್ ಮಿಸ್ಟೇಕ್," ಎಂದರು ಅಧ್ಯಕ್ಷರು, ಶಾಲಿನೊಳಗಿಂದ. "ನಿಮಗೇನಾದ್ರೂ ಆದ್ರೆ ಅಂತ ಅಷ್ಟೇ. ಯೂ ಆರ್ ಆನ್ ಇನ್ಸ್ಪಿರೇಷನ್ ಟು ಅಸ್."

"ಆಗೂದೆಲ್ಲಾ ಆಗಿ ಹೋಗೇದ್ರೀ. ಇನ್ನ ಏನಾಗ್ತದ? ಸೋಲ್ತೀವಿ, ಅಷ್ಟಽ."

ಹೆಸರು ಬರೆದರು. ಪೆನ್ನಿನಿಂದ, ಪಟ್ಟಿಯ ಕೊನೆಯಲ್ಲಿ. ಡಬಲ್ಸ್‌ನಲ್ಲಿ ಇಬ್ಬರೂ ಸರದಿಯಂತೆ ಹೊಡೆಯಬೇಕೆಂಬ ನಿಯಮ ಕುರ್ಚಿಯವರಿಗಿಲ್ಲವೆಂದು ಆಂಟಿ ನಿಯಮದ ಪುಸ್ತಕ ತೆರೆದು ತೋರಿಸಿದರು. ನಮಗೆದುರಾಗಿ ಇಬ್ಬರು ಹುಡುಗರು, ನನ್ನ ಹಾಗೇ ಪ್ರೋಗ್ರಾಂ ಬರೆಯುವವರು, ಅದಕ್ಕೆ ಹಿಂದಿನ ವರ್ಷ ಕಪ್ ಗೆದ್ದವರು. ಆಟ ಶುರುವಾಯಿತು. ಮಗುವಿಗೆ ತುತ್ತು ಕೊಡುವಂತೆ ಮೆಲ್ಲಗೆ ಚೆಂಡು ಕಳಿಸತೊಡಗಿದರು. ಸುಲಭದ ಚೆಂಡನ್ನು ಬೇಕೆಂದೇ ನೆಟ್ಟಿಗೆ ಹೊಡೆದು "ಓಹ್, ಗುಡ್ ಶಾಟ್ ಆಂಟಿ!" ಎಂದರು. ಸುತ್ತ ನಿಂತವರಿಗೆ ಖುಷಿಯೋ ಖುಷಿ. ನಮಗೆ ಒಂಬತ್ತು ಪಾಯಿಂಟು, ಅವರಿಗೆ ಎರಡು. ನನಗೂ ಒಳಗೊಳಗೆ ಹಿತವೆನಿಸಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಆಂಟಿ ಚೆಂಡನ್ನು ಹಿಡಿದು ಮಡಿಲಲ್ಲಿ ಇಟ್ಟುಕೊಂಡರು.

"ಸ್ಕೋರು ಎಷ್ಟು ಅಂದಿ?"

"ನೈನ್ ಟೂ, ಆಂಟಿ. ನೀವು ಲೀಡ್ ಮಾಡ್ತಿದೀರ," ಎಂದ ಒಬ್ಬ.

"ಅದರಾಗ ನಾ ಖರೇನಽ ಗೆದ್ದದ್ದು ಒಂದು. ಇಕಿ ಗೆದ್ದದ್ದು ಸೊನ್ನಿ. ಉಳಿದ ಎಂಟು ನೀವು ಧರ್ಮಾ ಮಾಡಿದ್ದು. ನಮಗ ಬ್ಯಾಡ. ಸೊನ್ನಿಯಿಂದ ಶುರು ಮಾಡ್ರಿ. ಕೈಲಾದ್ರ ಹೊಡೀರಿ, ಇಲ್ಲಾಂದ್ರ ಹೊಡಿಯೋರನ್ನ ಕರೀರಿ."

ಹುಡುಗರ ಮುಖ ಕೆಂಪಾಯಿತು. ಬರೆದಿದ್ದ ಅಂಕಗಳನ್ನು ಅಳಿಸಿದರು. ಆಮೇಲೆ ಬಂದ ಮೊದಲ ಸರ್ವ್ ನನ್ನ ಮೊಣಕೈ ಪಕ್ಕ ಹಾದುಹೋದದ್ದೇ ಗೊತ್ತಾಗಲಿಲ್ಲ. ಇಪ್ಪತ್ತೊಂದು ಪಾಯಿಂಟಿನ ಆಟದ ಕಾಲ ಅದು. ಮೊದಲನೆಯದರಲ್ಲಿ ನಮಗೆ ಹನ್ನೊಂದು, ಎರಡನೆಯದರಲ್ಲಿ ಹದಿನಾರು. ಎರಡು ಸಲ ಮೇಜಿನ ಮೇಲೆ ಮುಗ್ಗರಿಸಿದೆ, ಎರಡು ಸಲವೂ ನಾನೇ ಎದ್ದು ಕೂತೆ. ಒಂದು ಚೆಂಡು ಎಡಗಡೆಗೆ ಬಂದದ್ದನ್ನು ಹಿಂಗೈಯಿಂದ ಅಡ್ಡ ಹೊಡೆದಾಗ ಆ ಚಾಂಪಿಯನ್ ಹಾರಿದರೂ ಸಿಗಲಿಲ್ಲ. "ಹಾಕು!" ಎಂದು ಜಿಮ್ಮು ನಡುಗುವಂತೆ ಕೂಗಿದವನು ನನ್ನ ಅಣ್ಣ. ನಾವು ಸೋತೆವು. ಯಾರ ದಯೆಯೂ ಇಲ್ಲದೆ, ಸರಿಯಾಗಿ ಸೋತೆವು. ಆ ಸಂತೋಷವನ್ನು ಹೇಗೆ ಹೇಳಲಿ!

ಹೊರಗೆ ಬಂದಾಗ ಕುರ್ಚಿಯಿಂದ ಕಾರಿನ ಸೀಟಿಗೆ ಜಾರುವ ಹಲಗೆ ಹಾಕಿ ನಾನೇ ಹತ್ತಿದೆ. ಬಹಳ ಹೊತ್ತು ಹಿಡಿಯಿತು. ಬಿಸಿಲಿನಲ್ಲಿ ಅಣ್ಣ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡು, ಹಲ್ಲು ಕಚ್ಚಿ ನಿಂತಿದ್ದ. ನಾನು ಸೀಟ್ ಬೆಲ್ಟ್ ಹಾಕಿದ ಮೇಲೆ ಕೇಳಿದ.

"ನಿನ್ನ ಟಿಕೆಟ್ ಕ್ಯಾನ್ಸಲ್ ಮಾಡಿಸ್ಲೇನೇ?"

"ಮಾಡ್ಸು."

ಅವನು ಬೇರೆ ಕಡೆ ತಿರುಗಿ ಕಣ್ಣೊರೆಸಿಕೊಂಡ. ಆಗಸ್ಟಿನಲ್ಲಿ ಒಬ್ಬನೇ ಹೋದ. ಸೆಪ್ಟೆಂಬರಿನ ಮೊದಲ ಸೋಮವಾರ ಕಾರ್ಮಿಕರ ದಿನದ ರಜೆ, ಮಂಗಳವಾರ ನಾನು ಕೈಯಿಂದಲೇ ಬ್ರೇಕು ಒತ್ತುವ ಕಾರಿನಲ್ಲಿ ಆಫೀಸಿಗೆ ಹೋದೆ. ಅದರ ಡ್ರೈವಿಂಗ್ ಕಲಿಸಿದವರೂ ಆಂಟಿಯೇ, ಬೈಗುಳದ ಸಮೇತ.

ಆಂಟಿ ಅದಾದ ಆರನೆಯ ವರ್ಷ ತೀರಿಕೊಂಡರು. ಕಿಡ್ನಿಯ ಸೋಂಕು, ಒಂದೇ ವಾರ. ಶ್ರದ್ಧಾಂಜಲಿ ಸಭೆಯಲ್ಲಿ ಎಲ್ಲರೂ ಅವರನ್ನು ಹೊಗಳಿದರು, ಎಲ್ಲರೂ ನಿಜವಾಗಿಯೇ ಅತ್ತರು. ಕೊನೆಗೆ ಹಿರಿಯರೊಬ್ಬರು ಎದ್ದು, "ಪಾಪ, ಐವತ್ತು ವರ್ಷ ಆ ಕುರ್ಚಿಯಲ್ಲಿ ಕಳೆದರು. ಈಗ ಬಿಡುಗಡೆಯಾಯಿತು. ಭಗವಂತನ ಸನ್ನಿಧಿಯಲ್ಲಿ ಅವರು ತಮ್ಮ ಕಾಲ ಮೇಲೆ ಓಡಾಡುತ್ತಿರುತ್ತಾರೆ" ಎಂದರು. ಸಭೆಯೆಲ್ಲ ತಲೆದೂಗಿತು.

ನನಗೆ ತಡೆಯಲಾಗಲಿಲ್ಲ. ಜನರ ನಡುವೆ ಕುರ್ಚಿ ತಳ್ಳಿಕೊಂಡು ಹೋಗಿ ಮೈಕು ಕೇಳಿದೆ.

"ಕ್ಷಮಿಸಿ," ಎಂದೆ. "ನಮ್ಮ ಆಂಟಿ ಓಡಾಡ್ತಿಲ್ಲ. ಅವರು ಹೋಗಿರೋದು ಕುರ್ಚಿಯಲ್ಲೇ. ಅಲ್ಲಿ ಬಾಗಿಲಿಗೆ ಮೆಟ್ಟಿಲಿದ್ರೆ, ಈ ಹೊತ್ತಿಗೆ ಭಗವಂತ ಹೊರಗೆ ಬಂದು ಬೈಸಿಕೊಳ್ತಾ ನಿಂತಿರ್ತಾನೆ."