ಹೊಟ್ಟೆ ತುಂಬಿದರೆ ಸಣ್ಣಗಾಗುವ ದೀಪ

ಶಾಬಾದಿನಲ್ಲಿ ನಾನು ಕೆಲಸಕ್ಕಿದ್ದ ವಕೀಲರ ಮನೆಯಲ್ಲಿ ಒಂದು ಕರಿ ಮೋಟಾರು ಇತ್ತು. ರಜಾಕಾರರ ಗದ್ದಲ ಮುಗಿದು ಕೆಲವು ವರ್ಷವಾಗಿತ್ತು. ಹೈದರಾಬಾದ್ ಸರಕಾರ ಇನ್ನೂ ಇತ್ತು. ವಕೀಲರು ವಾಡಿಯಲ್ಲಿ ಗಾಡಿ ಬದಲಿಸಿ ಚಿತ್ತಾಪುರದ ಕೋರ್ಟಿಗೆ ರೈಲಿನಲ್ಲೇ ಹೋಗುತ್ತಿದ್ದರು. ಮೋಟಾರು ಹಿತ್ತಲಿನ ಶೆಡ್ಡಿನಲ್ಲಿ ನಿಂತೇ ಇರುತ್ತಿತ್ತು. ಅದನ್ನು ಒರೆಸುವುದು ನನ್ನ ಪಾಲಿಗೆ ಬಂದಿತ್ತು. ಎಮ್ಮೆಯ ಮೈ ತಿಕ್ಕಿದರೆ ಹಾಲಾದರೂ ಕೊಡುತ್ತದೆ, ಇದೇನು ಕೊಡುತ್ತದೆ ಎಂದುಕೊಳ್ಳುತ್ತಿದ್ದೆ.

ಆ ಮನೆಯ ಮಗಳನ್ನು ಸೇಡಮ್ಮಿಗೆ ಕೊಟ್ಟಿದ್ದರು. ಮೊದಲ ಹೆರಿಗೆಗೆ ತವರಿಗೆ ಬಂದಳು. ಬ್ಯಾನೆ ಎದ್ದಾಗ ಕೂಸು ಅಡ್ಡ ಬಿದ್ದಿದೆ ಎಂದು ಸೂಲಗಿತ್ತಿ ಕೈಬಿಟ್ಟಳು. ಗುಲ್ಬರ್ಗಾದ ದೊಡ್ಡ ದವಾಖಾನೆಗೆ ಒಯ್ಯಬೇಕು. ಮೋಟಾರು ಎದ್ದೇಳಲಿಲ್ಲ. ವಕೀಲರು ಮುಂದಿನ ಹ್ಯಾಂಡಲ್ ತಿರುವಿ ತಿರುವಿ ಅಂಗೈಯಲ್ಲಿ ಬೊಬ್ಬೆ ಬರಿಸಿಕೊಂಡರು. ಒಳಗಿನ ಬ್ಯಾಟರಿ ನಿಂತಲ್ಲೇ ಸತ್ತಿತ್ತು. ಕೊನೆಗೆ ಎತ್ತಿನ ಗಾಡಿಯಲ್ಲಿ ಸ್ಟೇಷನ್ನಿಗೆ ಒಯ್ದೆವು. ರೈಲು ಬರುವುದಕ್ಕೆ ಮೊದಲು ಕೂಸು ಸ್ಟೇಷನ್ನಿನ ಬೆಂಚಿನ ಮೇಲೆ ಹುಟ್ಟಿತು. ಅಳಲಿಲ್ಲ. ಅದನ್ನು ಸೀರೆಯಲ್ಲಿ ಸುತ್ತಿದವಳು ನಾನೇ.

ಮತ್ತೆ ಅವಳು ಬಸುರಾದ ಸುದ್ದಿ ಬಂದಾಗ ಅಕ್ಕೋರು, ಅಂದರೆ ವಕೀಲರ ಹೆಂಡತಿ, ಗಂಡನ ಊಟದ ಮುಂದೆ ಕುಳಿತು ಹೇಳಿದರು.

"ಈ ಸಲ ಮೋಟಾರ್ ಚಾಲೂ ಆಗಲಿಲ್ಲಂದ್ರ ಅದನ್ನ ಒಡದು ಒಲಿಗಿ ಹಾಕ್ತೀನಿ ನೋಡ್ರಿ."

"ಕಬ್ಬಿಣ ಉರಿಯಂಗಿಲ್ಲ."

"ನಾ ಉರಸ್ತೀನಿ."

ವಕೀಲರು ಉಂಡು ಎದ್ದರು. ಮರುವಾರ ಅಕ್ಕೋರ ತಮ್ಮ ಬಂದ. ಅವನು ಕರೆಂಟಿನ ಕೆಲಸದವನು. ಒಂದು ಕಬ್ಬಿಣದ ಡಬ್ಬಿ ತಂದು ಶೆಡ್ಡಿನ ಗೂಡಿನಲ್ಲಿಟ್ಟ. ಗೋಡೆಯಿಂದ ಡಬ್ಬಿಗೆ ಬರುವ ತಂತಿಯ ನಡುವೆ ಒಂದು ಸಣ್ಣ ಬಲ್ಬು ಸಿಕ್ಕಿಸಿದ. ಡಬ್ಬಿಯಿಂದ ಎರಡು ತಂತಿ ಮೋಟಾರಿನ ಬ್ಯಾಟರಿಗೆ ಹೋದವು. ಗುಂಡಿ ಒತ್ತಿದ. ಬಲ್ಬು ಹತ್ತಿತು.

"ಇದು ಬೆಳಕಿಗಲ್ಲ," ಎಂದ ನನಗೆ. "ಬ್ಯಾಟರಿ ಉಣ್ಣಲಿಕತ್ತದ. ಹೊಟ್ಟಿ ತುಂಬಿದ್ಹಂಗ ದೀಪ ಸಣ್ಣಾಕ್ಕೋತ ಹೋಗ್ತದ ನೋಡು."

ನಾನು ನಂಬಲಿಲ್ಲ. ಎಣ್ಣೆ ತೀರಿದರೆ ದೀಪ ಸಣ್ಣಗಾಗುವುದನ್ನು ಹುಟ್ಟಿದಾಗಿನಿಂದ ನೋಡಿದವಳು ನಾನು. ತುಂಬಿದರೆ ಸಣ್ಣಗಾಗುವ ದೀಪ ಎಲ್ಲಾದರೂ ಉಂಟೆ? ಮರುದಿನ ಕಸ ಹೊಡೆಯಲು ಹೋದಾಗ ಬಲ್ಬಿನೊಳಗೆ ಒಂದು ಕೆಂಪು ಎಳೆ ಮಾತ್ರ ಉಳಿದಿತ್ತು. ಕಸಬರಿಗೆ ಹಿಡಿದುಕೊಂಡು ಹಾಗೇ ನಿಂತೆ. ದೇವರ ಜಗಲಿಯ ಮುಂದೆಯೂ ನಾನು ಅಷ್ಟು ಸುಮ್ಮನೆ ನಿಂತವಳಲ್ಲ. ಅಷ್ಟು ದೊಡ್ಡ ಕಬ್ಬಿಣ, ಸದ್ದಿಲ್ಲದೆ, ಗುಟುಕು ಗುಟುಕಾಗಿ ಏನನ್ನೋ ಕುಡಿದು ಒಳಗಿಟ್ಟುಕೊಂಡಿತ್ತು. ಕುಡಿಯುವುದು ಕಾಣುವುದಿಲ್ಲ, ಇಟ್ಟುಕೊಂಡದ್ದೂ ಕಾಣುವುದಿಲ್ಲ.

ಅಕ್ಕೋರ ತಮ್ಮ ಇನ್ನೆರಡು ಮಾತು ಹೇಳಿ ಹೋಗಿದ್ದ. ಬ್ಯಾಟರಿ ಹತ್ತಿರ ಬೆಂಕಿ ತರಬಾರದು, ಅದರ ಉಸಿರಿಗೆ ಕಿಡಿ ತಾಗಿದರೆ ಸಿಡಿಯುತ್ತದೆ. ಎರಡನೆಯದು, ಬ್ಯಾಟರಿಗೆ ಆಗಾಗ ಎರೆಯುವ ನೀರು. ನಮ್ಮೂರಿನ ಬಾವಿ ನೀರು ಕಲ್ಲಿನ ನೀರು, ಹಂಡೆಯೊಳಗೆ ಸುಣ್ಣದ ಪೊರೆ ಕಟ್ಟುತ್ತದೆ. "ಮುಗಿಲಿನ ನೀರ ಹಾಕಬೇಕು. ಮಾಳಿಗಿ ಮ್ಯಾಲಿಂದ ಇಳದದ್ದೂ ಬ್ಯಾಡ, ಅಲ್ಲಿನೂ ಫರಸಿ ಕಲ್ಲೇ ಅದ." ಹಾಗಾಗಿ ಮಳೆಗಾಲದಲ್ಲಿ ಅಂಗಳದ ನಡುವೆ ಚೀನಿ ಭರಣಿ ಇಟ್ಟು, ಬಾಯಿಗೆ ತೊಳೆದ ಧೋತರ ಕಟ್ಟಿ ಮಳೆ ಹಿಡಿದೆ. ವಕೀಲರ ತಾಯಿ, ನಾವೆಲ್ಲ ಆಯಿ ಎನ್ನುತ್ತಿದ್ದವರು, ಕಟ್ಟೆಯ ಮೇಲೆ ಕುಳಿತು ನಕ್ಕರು.

"ನನ್ನ ಸೊಸಿ ಮೋಟಾರಕ್ಕ ಮಡಿನೀರ ಕುಡಸ್ತಾಳ. ನನಗ ಬಾವಿ ನೀರು."

"ನೀವು ನಿಂತಲ್ಲೇ ಸಾಯಂಗಿಲ್ಲಲ್ರಿ ಆಯಿ," ಎಂದೆ ನಾನು.

"ಬಾಯಿ ನೋಡು ಈಕಿದು," ಎಂದರು. ಆದರೆ ನಕ್ಕರು.

ದೀಪಾವಳಿ ಬಂತು. ಮಗಳು ಹೆರಿಗೆಗೆ ಆಗಲೇ ತವರಿಗೆ ಬಂದಿದ್ದಳು. ಆ ಮನೆಯಲ್ಲಿ ಅಮಾವಾಸ್ಯೆಯಿಂದ ಪಾಡ್ಯದವರೆಗೆ ಯಾವ ಮೂಲೆಯಲ್ಲೂ ಮಂದ ದೀಪ ಇರಬಾರದು. ದನದ ಕೊಟ್ಟಿಗೆಗೂ, ಬಚ್ಚಲಿಗೂ ಹೊಸ ಬತ್ತಿ. ಅದು ಆಯಿಯ ಕಟ್ಟಳೆ. ಪಾಡ್ಯದ ಬೆಳಿಗ್ಗೆ ನಾನು ಅಂಗಳಕ್ಕೆ ಸೆಗಣಿ ನೀರು ಹೊಡೆಯುತ್ತಿದ್ದೆ. ಶೆಡ್ಡಿನಿಂದ ಅನ್ನದ ಎಸರು ಕುದಿಯುವ ಸದ್ದು ಬಂತು. ಹುಳಿಹುಳಿ ನಾತ, ಮೂಗಿಗೆ ಹತ್ತುವಂಥದ್ದು. ಬಾಗಿಲಲ್ಲಿ ನೋಡಿದರೆ ಒಳಗೆ ಹಗಲಿಗಿಂತ ಬೆಳಕು. ಸಣ್ಣ ಬಲ್ಬಿನ ಜಾಗದಲ್ಲಿ ಪಡಸಾಲೆಯ ದೊಡ್ಡ ಬಲ್ಬು ಉರಿಯುತ್ತಿತ್ತು. ಆಯಿ ಪಾಡ್ಯದ ಪೂಜೆಗೆ ಸೆಗಣಿಯಲ್ಲಿ ಮಾಡಿದ ಪಾಂಡವರನ್ನು ಶೆಡ್ಡಿನ ಹೊಸ್ತಿಲ ಮೇಲೆ ಕೂರಿಸಿ, ಹಚ್ಚಿದ ಹಣತೆ ಹಿಡಿದು ಮೋಟಾರಿನ ಕಡೆಗೆ ಹೊರಟಿದ್ದರು.

ಅವರ ಕೈಯಿಂದ ಹಣತೆ ಕಸಿದು ಸೆಗಣಿ ನೀರಿಗೆ ಎಸೆದೆ. ಓಡಿ ಗುಂಡಿ ಆರಿಸಿದೆ.

"ಹಬ್ಬದ ದಿನ ದೀಪ ಕೆಡಸ್ತಿ ಏನ?" ಎಂದರು ಆಯಿ.

"ಬಲ್ಬ ಯಾರ ಹಾಕ್ಯಾರ್ರಿ?"

"ನಾನೇ ಹಾಕೀನಿ, ನಿನ್ನಿ ಸಂಜಿಗಿ. ಅಷ್ಟ ಸಣ್ಣ ದೀಪ ಅಮಾಸಿ ದಿನ ನೋಡ್ಲಿಕ್ಕ ಆಗಲಿಲ್ಲ. ಖುರ್ಚಿ ಮ್ಯಾಲ ಹತ್ತೀನಿ."

ಅಷ್ಟರಲ್ಲಿ ಅಕ್ಕೋರು ಬಂದರು. ಮಗಳಿಗೆ ಬ್ಯಾನೆ ಎದ್ದಿತ್ತು, ರೈಲು ಮಧ್ಯಾಹ್ನಕ್ಕೆ. ನಾನು ಆದದ್ದನ್ನು ಹೇಳಿದೆ. ದೊಡ್ಡ ಬಲ್ಬು ಸಣ್ಣದಕ್ಕಿಂತ ಎಷ್ಟೋ ಪಾಲು ಹೆಚ್ಚು ಕರೆಂಟು ಬಿಟ್ಟಿತ್ತು. ರಾತ್ರಿಯೆಲ್ಲ ಬ್ಯಾಟರಿ ಕುದಿದಿತ್ತು. ಅಕ್ಕೋರು ಅತ್ತೆಯ ಮುಖ ನೋಡಿದರು. ಬೈದಿದ್ದರೆ ಆಯಿಗೆ ಹಗುರಾಗುತ್ತಿತ್ತು.

ಶೆಡ್ಡಿನ ಎರಡೂ ಬಾಗಿಲು ತೆರೆದು ಗಾಳಿ ಆಡಲು ಬಿಟ್ಟೆವು. ವಕೀಲರು ಬ್ಯಾಟರಿಯ ಬಿರಡೆ ಬಿಚ್ಚಿದರು. ನೀರು ಇಂಗಿ ಒಳಗಿನ ಸೀಸದ ಹಾಳೆಗಳು ಮೇಲೆ ಕಾಣುತ್ತಿದ್ದವು. ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಸ್ವಲ್ಪ ಆರಿದ ಮೇಲೆ ನಾನು ಭರಣಿ ತಂದು ಒಂದೊಂದೇ ತೂತಿಗೆ ಮಳೆನೀರು ಎರೆದೆ. ಮನೆಯೊಳಗಿಂದ ಹುಡುಗಿ ನರಳುವುದು ಕೇಳುತ್ತಿತ್ತು. ಆ ಸ್ಟೇಷನ್ನಿನ ಬೆಂಚು ನನ್ನ ಕಣ್ಣ ಮುಂದೆ ಇತ್ತು.

ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ವಕೀಲರು ಕುಳಿತು ಗುಂಡಿ ಒತ್ತಿದರು. ಮೋಟಾರು ಒಮ್ಮೆ ಗೊರಗುಟ್ಟಿ ನಿಂತಿತು. ಆಯಿ ಗೋಡೆ ಹಿಡಿದುಕೊಂಡರು. ಎರಡನೆಯ ಸಲ ಒತ್ತಿದಾಗ ಅದು ಎದ್ದಿತು. ಎದ್ದಿತು ಎಂದೇ ಹೇಳಬೇಕು, ಬೇರೆ ಮಾತಿಲ್ಲ. ನೆಲದ ಫರಸಿ ನನ್ನ ಬರಿಗಾಲಿಗೆ ನಡುಗಿದ್ದು ಗೊತ್ತಾಯಿತು. ತಿಂಗಳುಗಟ್ಟಲೆ ಒಂದು ಕೆಂಪು ಎಳೆಯಾಗಿ ಒಳಗೆ ಹೋದದ್ದು ಇದೇ, ಇಷ್ಟೆಲ್ಲ, ಎಂದು ಆಗ ತಿಳಿಯಿತು. ಮೋಟಾರು ಹೊಸ್ತಿಲ ಪಾಂಡವರನ್ನು ತುಳಿದುಕೊಂಡು ಹೋಯಿತು.

ಸಂಜೆಯ ರೈಲಿನಲ್ಲಿ ಬಂದವರು ಸುದ್ದಿ ಹೇಳಿದರು. ಡಾಕ್ಟರು ಕೊಯ್ದು ತೆಗೆದರು, ಹೆಣ್ಣು ಕೂಸು, ಜೋರಾಗಿ ಅತ್ತಿತು, ತಾಯಿಯೂ ಬದುಕಿದಳು.

ಮೋಟಾರು ತಿರುಗಿ ಬಂದ ದಿನ ನಾನು ಸಣ್ಣ ಬಲ್ಬನ್ನೇ ಸಿಕ್ಕಿಸಿ ತಂತಿ ಹಚ್ಚಿದೆ. ಆಯಿ ಮಣೆ ತಂದು ಶೆಡ್ಡಿನ ಬಾಗಿಲಲ್ಲಿ ಕುಳಿತರು.

"ಸಣ್ಣಾಗ್ತದಂತೀ?"

"ಆಗ್ತದ್ರಿ. ಹೊತ್ತು ಹಿಡೀತದ."

"ಹಿಡೀಲಿ," ಎಂದರು. ನನಗೆ ಪಾತ್ರೆ ತಿಕ್ಕುವುದಿತ್ತು. ಆದರೂ ಅವರ ಪಕ್ಕದಲ್ಲಿ ಕುಳಿತೆ.